ತಣ್ಣಗಾಗಲಿ ಅಂತ ಮನೆಗೆ

ಸೆಪ್ಟೆಂಬರ್ 16
ಥರ್ಮನ್ ಬೀಸ್ಲಿಯ ಧ್ವನಿ ಸಂದೇಶ, ತಂಗಿ ವರ್ಡೆಲ್‌ಗೆ

ವರ್ಡೆಲ್, ನಾನು. ನಿನ್ನ ಹಡಗು ಯಾವುದಾದ್ರೂ ದಡದ ಹತ್ರ ಬಂದು ಸಿಗ್ನಲ್ ಸಿಕ್ಕಾಗ ಇದನ್ನ ಪೂರ್ತಿ ಕೇಳು. ಹೋದ ಸಲ ನೀನು ಅರ್ಧಕ್ಕೇ ನಿಲ್ಸಿ "ಉದ್ದ ಆಯ್ತು" ಅಂತ ಬರೆದು ಕಳಿಸಿದ್ದೆ. ಎರಕದ ಕಾರ್ಖಾನೇಲಿ ಕಬ್ಬಿಣ ಹಿಡಿದು ಹಿಡಿದು ಈ ಬೆರಳು ಫೋನ್ ಮೇಲೆ ಓಡಲ್ಲ ಕಣೇ, ಬಾಯಿ ಮಾತ್ರ ಓಡೋದು. ಸಹಿಸ್ಕೋ.

ವಿಷಯಕ್ಕೆ ಬರ್ತೀನಿ. ನಿನ್ನ ಮಗಳನ್ನ ಶಾಲೆಯಿಂದ ಮೂರು ದಿನ ಸಸ್ಪೆಂಡ್ ಮಾಡಿದಾರೆ. ಕೂಗಾಡಬೇಡ, ಮೊದಲು ಕೇಳು. ಕೆಜಾಯಾ ಪೆನ್ಸಿಲ್ ಚೂಪು ಮಾಡೋಕೆ ಎದ್ದು ಹೋಗಿದಾಳೆ. ಪಕ್ಕದಲ್ಲೇ ಒಂದು ಬಿಳಿ ಹುಡುಗಿ, ಅದೇ ಕೆಲಸಕ್ಕೆ ಎದ್ದಿದ್ದು. ಟೀಚರ್ ಆ ಹುಡುಗಿಗೆ "ಹೋಗಿ ಕೂತ್ಕೋಮ್ಮಾ" ಅಂದ್ಲಂತೆ. ನಮ್ಮವಳಿಗೆ "ನಿನ್ನನ್ನ ಯಾರು ಏಳು ಅಂದಿದ್ದು?" ಅಂತ. ಇವಳು "ಮುಗೀತು, ಕೂತ್ಕೋತೀನಿ" ಅಂದಿದಾಳೆ. ಅಷ್ಟಕ್ಕೇ ಎದುರುತ್ತರ, ಅವಿಧೇಯತೆ, ಮೂರು ದಿನ ಮನೇಲಿರು! ವೈಸ್ ಪ್ರಿನ್ಸಿಪಾಲ್ ಮಿಸ್ ಲಿಂಡ್‌ಕ್ವಿಸ್ಟ್ ನನ್ನನ್ನ ಕೂರಿಸಿಕೊಂಡು ನಗ್ತಾ ನಗ್ತಾ ಹೇಳಿದ್ಲು: "ಮಿಸ್ಟರ್ ಬೀಸ್ಲಿ, ಪದಗಳಲ್ಲ, ಅವಳ ಧ್ವನಿ." ಧ್ವನಿಯಂತೆ! ಹದಿಮೂರು ವರ್ಷದ ಹುಡುಗಿಗೆ ಕೊಳಲಿನ ಧ್ವನಿ ಎಲ್ಲಿಂದ ತರೋಣ?

ಈ ವರ್ಷ ಇನ್ನೊಂದು ಸಲ ಸಸ್ಪೆಂಡ್ ಆದ್ರೆ ವಿಚಾರಣೆ ಅಂತೆ. ವಿಚಾರಣೆ ಅಂದ್ರೆ ರೈಲು ಹಳಿ ಆಚೆಗಿನ ಆ ಇನ್ನೊಂದು ಶಾಲೆ, ತಂಟೆಕೋರರು ಅಂತ ತಳ್ಳೋ ಜಾಗ, ನಿನಗೆ ಗೊತ್ತಲ್ಲ. ಅಲ್ಲಿಗೆ ಹೋದ ನಮ್ಮ ಮಕ್ಕಳು ಯಾರಾದ್ರೂ ವಾಪಸ್ ಬಂದಿದಾರಾ? ಅಲ್ಲಿ ಆಲ್ಜೀಬ್ರಾನೂ ಇಲ್ಲ. ಆಲ್ಜೀಬ್ರಾ ಇಲ್ದೆ ವಿಜ್ಞಾನದ ಹೈಸ್ಕೂಲಿಗೆ ಸೀಟೂ ಇಲ್ಲ.

ಅದಕ್ಕೇ ನಿನ್ನೆ ಶಾಲಾ ಮಂಡಳಿ ಸಭೇಲಿ ಮಾತಾಡಿದೆ. ಒಬ್ಬರಿಗೆ ಎರಡು ನಿಮಿಷ ತಾನೇ? ನನ್ನ ಎರಡು ನಿಮಿಷ ಮುಗಿಯೋ ಹೊತ್ತಿಗೆ ಚರ್ಚಿನ ಹಿರಿಯ ಪರ್ವಿಸ್ ಎದ್ದು "ನನ್ನ ಸಮಯ ಸೋದರ ಬೀಸ್ಲಿಗೆ" ಅಂದ. ಆಮೇಲೆ ಹಿಂದಿನ ಸಾಲಿನ ಅಜ್ಜಿ. ಆಮೇಲೆ ಕಾರ್ಖಾನೆ ಹುಡುಗರು. ಬಿಟ್ಟುಕೊಡ್ತಾನೇ ಹೋದ್ರು ಕಣೇ, ಅಧ್ಯಕ್ಷ ಗಡಿಯಾರ ನೋಡ್ತಾ ಬೆವರಿದ! ಶಾಲೇಲಿ ನಮ್ಮ ಕಪ್ಪು ಮಕ್ಕಳು ಅರ್ಧಕ್ಕಿಂತ ಕಮ್ಮಿ, ಮನೆಗೆ ಕಳಿಸೋ ಮಕ್ಕಳಲ್ಲಿ ಐದಕ್ಕೆ ನಾಲ್ಕು ನಮ್ಮವೇ ಅಂದೆ. ಲೆಕ್ಕ ಅವರದೇ, ಓದಿದ್ದು ಮಾತ್ರ ನಾನು. ಕೊನೆಗೆ ಒಪ್ಕೊಂಡ್ರು. ನಾವು ಗಂಡಸರು ದಿನಾ ಬೆಳಿಗ್ಗೆ ಶಾಲೆ ಬಾಗಿಲಲ್ಲಿ, ಮೊಗಸಾಲೇಲಿ ನಿಲ್ತೀವಿ. ನನ್ನದು ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಬಿಡುವೇ. "ಬಾಗಿಲ ಮಾಮಂದಿರು" ಅಂತ ಹೆಸರು. ಹೆಸರಿಟ್ಟಿದ್ದೂ ನಾನೇ.

ಬೈಯೋದಿದ್ರೆ ಬೈಕೋ.

*

ಸೆಪ್ಟೆಂಬರ್ 27
ವರ್ಡೆಲ್ ಬರೆದದ್ದು

ಥರ್ಮನ್,

ಹಡಗು ಡುಲೂತ್ ಬಂದರಿನಲ್ಲಿ ಅದಿರು ತುಂಬಿಸಿಕೊಳ್ಳುತ್ತಿದೆ. ನಾನು ಅಡುಗೆ ಮಾಡಿ ಬಡಿಸಿ ಹಡಗಿನವರೆಲ್ಲರ ಊಟ ಮುಗಿದು ದೊಡ್ಡ ಪಾತ್ರೆಗಳು ಇನ್ನೂ ನೆನೆಯುತ್ತಿವೆ, ಆದ್ದರಿಂದ ಚಿಕ್ಕದಾಗಿ ಬರೆಯುತ್ತೇನೆ. ನೀನೂ ಕಲಿ.

ನನ್ನ ಮಗಳು ಸಸ್ಪೆಂಡ್ ಆದ ಸುದ್ದಿ ನನಗೆ ಹನ್ನೊಂದು ದಿನ ತಡವಾಗಿ, ನಿನ್ನ ಭಾಷಣದ ನಡುವೆ ಸಿಕ್ಕಿತು. ಅವಳು ಅತ್ತಳೋ, ಊಟ ಬಿಟ್ಟಳೋ, ಆ ಮೂರು ದಿನದ ಪಾಠ ಯಾರು ಹೇಳಿಕೊಟ್ಟರು, ಅದೊಂದೂ ಇಲ್ಲ. ಹಿಂದಿನ ಸಾಲಿನ ಅಜ್ಜಿ ಎದ್ದು ನಿಂತದ್ದು ಮಾತ್ರ ಇದೆ.

ಅವರು ಮಾಡಿದ್ದು ಅನ್ಯಾಯ. ಅದನ್ನು ನನಗೆ ನೀನು ಕಲಿಸಬೇಕಾಗಿಲ್ಲ. ಚಿಕ್ಕವಳಿದ್ದಾಗ ಹೊರಗೆ ಹಾಕಿಸಿಕೊಂಡು ಅದೇ ಶಾಲೆಯ ಮೆಟ್ಟಿಲ ಮೇಲೆ ನಾನೂ ಕೂತಿದ್ದೆ. ಆದರೆ ನನ್ನ ಮಗಳನ್ನು ನಿನ್ನ ಬಾವುಟ ಮಾಡಬೇಡ. ನಿನಗೆ ಮೈಕು ಸಿಕ್ಕರೆ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದೂ ಮರೆತುಹೋಗುತ್ತದೆ.

ನಾನು ಜನವರಿಯಲ್ಲಿ ಇಳಿಯುವವರೆಗೆ ಅವಳು ಆ ಆಲ್ಜೀಬ್ರಾ ತರಗತಿಯಲ್ಲಿ ಕೂತಿರಬೇಕು. ನಾನು ಕೇಳಿದ್ದು ಅಷ್ಟೇ. ಅತ್ತಿಗೆಗೆ ಹೇಳು, ಕೆಜಾಯಾಳ ಕೂದಲಿಗೆ ಭಾನುವಾರ ಎಣ್ಣೆ ಹಾಕಲಿ.

ವರ್ಡೆಲ್

*

ಅಕ್ಟೋಬರ್ 20
ಥರ್ಮನ್‌ನ ಧ್ವನಿ ಸಂದೇಶ

ಏನಮ್ಮಾ, ಮೂರು ವಾರದಿಂದ ಉಸಿರಿಲ್ಲ? ಹಡಗು ಮುಳುಗಿದ್ರೆ ಟಿವಿಲಿ ಬರ್ತಿತ್ತು, ಬಂದಿಲ್ಲ. ಅಂದ್ರೆ ಸಿಟ್ಟು. ಇರಲಿ. ಸಿಟ್ಟಿನ ಕಿವಿಗೂ ಒಳ್ಳೆ ಸುದ್ದಿ ಕೇಳ್ಸುತ್ತೆ.

ಶಾಲೆ ಬದಲಾಗಿದೆ ಕಣೇ! ಬೆಳಿಗ್ಗೆ ಬಾಗಿಲಲ್ಲಿ ನಾವು ಒಂಬತ್ತು ಜನ ನಿಂತಿರ್ತೀವಿ. ಪ್ರತಿ ಮಗುಗೂ ಹೆಸರು ಹಿಡಿದು ಕರೀತೀವಿ, ಕೈ ಕುಲುಕ್ತೀವಿ. ಪರ್ವಿಸ್ ಟೋಪಿ ಹಾಕ್ಕೊಂಡು ಭಾನುವಾರದ ಕೋಟಲ್ಲಿ ಬರ್ತಿದ್ದ, ಮದುವೆ ಗಂಡಿನ ಹಾಗೆ. ಯಾವುದೋ ಪುಟ್ಟಿ ಕೇಳ್ತು, "ಅಂಕಲ್, ನೀವು ಸತ್ತೋರನ್ನ ಹೂಳೋ ಕೆಲಸದೋರಾ?" ಅಂತ. ಆವತ್ತಿಂದ ಅವನಿಗೆ ಆ ಕೋಟು ಬೇಡವಾಗಿದೆ!

ಯಾವುದಾದ್ರೂ ಮಗು ಮೇಲೆ ದೂರು ಬಂದ್ರೆ ಈಗ ನೇರವಾಗಿ ಸಸ್ಪೆಂಡ್ ಇಲ್ಲ. ಮೊದಲು ಸುತ್ತ ಕೂತು ಮಾತಾಡ್ತೀವಿ: ಮಗು, ಟೀಚರ್, ಲಿಂಡ್‌ಕ್ವಿಸ್ಟ್, ಒಬ್ಬ ಮಾಮ. ಕೆರೆ ದಂಡೆಯ ಒಂದು ನುಣ್ಣನೆ ಕಲ್ಲು ಇಟ್ಕೊಂಡಿದೀವಿ. ಅದು ಯಾರ ಕೈಲಿರುತ್ತೋ ಅವರು ಮಾತ್ರ ಮಾತಾಡಬೇಕು. ನೀನು ನಗ್ತಾ ಇದೀಯ ಅಂತ ಗೊತ್ತು. ಹೌದು, ಆ ಕಲ್ಲು ನನ್ನ ಕೈಗೆ ಬಂದ್ರೆ ಸ್ವಲ್ಪ ಹೊತ್ತು ನಿಲ್ಲುತ್ತೆ.

ಆಮೇಲಿಂದು ನಾವೇ ನೋಡ್ಕೋತೀವಿ. ಚರ್ಚಿನೋರು ವ್ಯಾನ್ ಕೂಡ ಕೊಟ್ಟಿದಾರೆ. ಸಸ್ಪೆನ್ಷನ್ ಸಂಖ್ಯೆ ಹೆಂಗೆ ಬಿದ್ದಿದೆ ಗೊತ್ತಾ? ಧೊಪ್ ಅಂತ. ಮಂಡಳಿಯೋರು ನನ್ನ ಹೆಸರು ಕೆತ್ತಿದ ಫಲಕ ಕೊಡ್ತಾರಂತೆ ಡಿಸೆಂಬರಲ್ಲಿ. ಅಧ್ಯಕ್ಷನೇ ಕೈ ಕುಲುಕಿ "ಬೇರೆ ಊರಿನೋರು ನೋಡೋಕೆ ಬರ್ತಾರೆ" ಅಂದ. ನಿನ್ನ ಮಗಳು ಆವತ್ತಿಂದ ಒಂದು ಸಲವೂ ಸಸ್ಪೆಂಡ್ ಆಗಿಲ್ಲ. ಸ್ವಲ್ಪ ಮಾತು ಕಮ್ಮಿ ಆಗಿದೆ ಅಷ್ಟೇ. ವಯಸ್ಸು.

ಇದನ್ನ ಮಾಡಿದ್ದು ಯಾರು ಹೇಳು? ನಿನ್ನ ಬಾಯಿಬಡುಕ ಅಣ್ಣ.

*

ನವೆಂಬರ್ 12
ವರ್ಡೆಲ್ ಬರೆದದ್ದು

ಥರ್ಮನ್,

ನನ್ನ ಫೋನು ಪಾತ್ರೆ ತೊಳೆಯುವ ನೀರಿಗೆ ಬಿದ್ದು ಸತ್ತಿತ್ತು. ನಿನ್ನೆ ಹೊಸದು ಕೊಂಡೆ. ಹಾಕಿದ ಕೂಡಲೇ ಬಡಿದುಕೊಳ್ಳಲು ಶುರುವಾಯಿತು. ನಿನ್ನ ಸಂದೇಶ ಒಂದು. ಉಳಿದವೆಲ್ಲ ಶಾಲೆಯ ಯಂತ್ರದ ಕರೆಗಳು. ಅದೇ ಹೆಂಗಸು, ಅದೇ ನಗುವ ದನಿ: "ನಮಸ್ಕಾರ. ನಿಮ್ಮ ಮಗು ಇಂದು ಒಂದು ಅಥವಾ ಹೆಚ್ಚು ತರಗತಿಗೆ ಗೈರುಹಾಜರಾಗಿದೆ." ಮತ್ತೆ ಅದೇ. ಮತ್ತೆ ಅದೇ. ನಾನು ಎಣಿಸುವುದನ್ನು ಬಿಟ್ಟು ಈರುಳ್ಳಿ ಹೆಚ್ಚುತ್ತಾ ಕೇಳಿದೆ. ಹಡಗಿನ ಹುಡುಗರು ನನ್ನ ಕಣ್ಣು ನೋಡಿ ಈರುಳ್ಳಿ ಅಂದುಕೊಂಡರು.

ಕೊನೆಯದು ಮಾತ್ರ ಮನುಷ್ಯರ ದನಿ. ನ್ಯಾಯಾಲಯದ ಕಚೇರಿಯಿಂದ. ಇನ್ನು ಸ್ವಲ್ಪ ಗೈರುಹಾಜರಿ ಸೇರಿದರೆ "ಶಾಲೆ ತಪ್ಪಿಸುವ ಮಗುವಿನ ತಾಯಿ" ಎಂದು ನಾನು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಹಡಗಿನಲ್ಲಿದ್ದೆ ಅಂದರೆ ಏನು ಬರೆದುಕೊಳ್ಳುತ್ತಾರೆ ಅಂತ ನಿನಗೂ ಗೊತ್ತು.

ಶಾಲೆಗೆ ಫೋನ್ ಮಾಡಿ ಆಲ್ಜೀಬ್ರಾ ಮೇಷ್ಟ್ರನ್ನು ಹಿಡಿದೆ. ಡಿಸೆಂಬರ್ 12ಕ್ಕೆ ಪರೀಕ್ಷೆ. ಅದಕ್ಕೆ ಕೂರದವರ ಸೀಟು ಬೇರೆಯವರಿಗೆ. "ಹುಡುಗಿ ಬುದ್ಧಿವಂತೆ, ಆದರೆ ತರಗತಿಯಲ್ಲಿ ಇರುವುದೇ ಇಲ್ಲವಲ್ಲ" ಎಂದರು.

ನೀನು ಬಾಗಿಲಲ್ಲಿ ನಿಂತು ಊರ ಮಕ್ಕಳ ಕೈ ಕುಲುಕುತ್ತಿದ್ದೀಯ. ನನ್ನ ಮಗಳು ಹಿಂದಿನ ಬಾಗಿಲಿಂದ ಜಾರುತ್ತಿದ್ದಾಳೆ. ಎಲ್ಲಿಗೆ ಹೋಗುತ್ತಾಳೆ? ಯಾರ ಜೊತೆ? ನಿನಗೆ ಗೊತ್ತಿದೆಯೇ, ಅಥವಾ ಅದಕ್ಕೂ ಒಂದು ಕಲ್ಲು ಕೈಗೆ ಕೊಡಬೇಕೇ?

*

ನವೆಂಬರ್ 13
ಥರ್ಮನ್‌ನ ಧ್ವನಿ ಸಂದೇಶ

ಬಾಯಿ ಬಿಗಿ ಹಿಡಿ ವರ್ಡೆಲ್! ತಪ್ಪಿಸ್ಕೊಂಡು ಓಡ್ತಾಳಾ? ನನ್ನ ಕೆಜಾಯಾ? ಹೆತ್ತೋಳಾಗಿ ಈ ಮಾತು ಹೇಗೆ ಬಂತು ನಿನಗೆ? ಯಂತ್ರ ಹೇಳಿದ್ದನ್ನ ನಂಬ್ತೀಯ, ಅಣ್ಣ ಹೇಳಿದ್ದನ್ನ ನಂಬಲ್ಲ!

ಆ ಯಂತ್ರ ಶುದ್ಧ ಸುಳ್ಳು ಹೇಳ್ತಿದೆ. ಅವಳು ಎಲ್ಲಿದ್ಲು ಅಂತ ನನಗೆ ಗೊತ್ತು, ಯಾಕಂದ್ರೆ ನನ್ನ ಜೊತೇಲೇ ಇದ್ಲು! ಕೇಳು. ಸುತ್ತ ಕೂತು ಮಾತಾಡಿದ ಮೇಲೂ ಮಗು ಸ್ವಲ್ಪ ಬಿಸಿ ಇರುತ್ತೆ. ಆಗ ಲಿಂಡ್‌ಕ್ವಿಸ್ಟ್ ಹೇಳ್ತಾಳೆ, "ಮಿಸ್ಟರ್ ಬೀಸ್ಲಿ, ಇದನ್ನ ದೊಡ್ಡದು ಮಾಡೋದು ಬೇಡ, ಸಸ್ಪೆನ್ಷನ್ ಬೇಡವೇ ಬೇಡ. ಇವತ್ತು ಮನೆಗೆ ಕರ್ಕೊಂಡು ಹೋಗಿ, ತಣ್ಣಗಾಗಲಿ." ಎಷ್ಟು ಮರ್ಯಾದೆಯಿಂದ ಹೇಳ್ತಾಳೆ ಗೊತ್ತಾ? ಅದೇ ಹೆಂಗಸು ಹೋದ ವರ್ಷ ಪೊಲೀಸರನ್ನ ಕರೀತಿದ್ಲು. ಆಫೀಸಿನಲ್ಲಿ "ಮನೆಯೋರೇ ಕರ್ಕೊಂಡು ಹೋಗ್ತಿದೀರಾ?" ಅಂತ ಕೇಳ್ತಾರೆ, ನಾನು ಹೂಂ ಅಂತೀನಿ. ಮನೆಯೋನೇ ತಾನೇ ನಾನು? ವ್ಯಾನಲ್ಲಿ ಕೂರಿಸ್ಕೊಂಡು, ದಾರೀಲಿ ಕರಿದ ಮೀನು ಕೊಡಿಸಿ, ನಾಲ್ಕು ಬುದ್ಧಿಮಾತು ಹೇಳಿ ಮನೆಗೆ ಬಿಡ್ತೀನಿ. ಬೇರೆ ಮಕ್ಕಳನ್ನ ಪರ್ವಿಸ್, ಮಿಕ್ಕೋರು ಕರ್ಕೊಂಡು ಹೋಗ್ತಾರೆ. ಕೆಲವು ದಿನ ವ್ಯಾನ್ ಎರಡು ಸಲ ತುಂಬುತ್ತೆ.

ಬೀದೀಲಿಲ್ಲ, ಮೆಟ್ಟಿಲ ಮೇಲಿಲ್ಲ, ಪೊಲೀಸ್ ಗಾಡೀಲಿಲ್ಲ. ಮಾಮನ ಜೊತೆ! ಇದಕ್ಕೆ ನೀನು ಕಾಲಿಗೆ ಬೀಳಬೇಕು. ಬಿದ್ದಿಲ್ಲ, ಹೋಗಲಿ. ಆದ್ರೆ ಕಳ್ಳಿ ಅಂದ್ಯಲ್ಲ ಆ ಮಗುನ, ಅದಕ್ಕೆ ಕ್ಷಮೆ ಕೇಳು.

*

ನವೆಂಬರ್ 14
ವರ್ಡೆಲ್ ಬರೆದದ್ದು

ಥರ್ಮನ್,

ನಿನ್ನ ಮಾತನ್ನು ಎರಡು ಸಲ ಕೇಳಿದೆ. ನಡುವೆ ರೊಟ್ಟಿ ಸೀದುಹೋಯಿತು.

ಕೆಜಾಯಾಳನ್ನು ಅನುಮಾನಿಸಿದ್ದು ನನ್ನ ತಪ್ಪು. ಅವಳಿಗೆ ಅದನ್ನು ನಾನೇ ಹೇಳುತ್ತೇನೆ, ನಿನ್ನ ಮೂಲಕ ಅಲ್ಲ.

ಈಗ ನೀನು ಕೇಳು. ಯಂತ್ರ ಸುಳ್ಳು ಹೇಳುತ್ತಿಲ್ಲ. ಅವಳು ತರಗತಿಯಲ್ಲಿ ಇರಲಿಲ್ಲ, ಅಷ್ಟನ್ನೇ ಅದು ಹೇಳಿದ್ದು. ಮೊದಲು ಅವರು ಮಗುವನ್ನು ಕಾಗದ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಆ ಕಾಗದದ ಮೇಲೆ ಅವರ ಸಹಿ ಇರುತ್ತಿತ್ತು. ಅದರ ವಿರುದ್ಧ ದೂರು ಕೊಡಬಹುದಿತ್ತು, ಅದನ್ನು ಎಣಿಸಬಹುದಿತ್ತು, ಸಭೆಯಲ್ಲಿ ಎರಡು ನಿಮಿಷ ಕೂಗಬಹುದಿತ್ತು. ಈಗ ಕಾಗದದ ಬದಲು ನಿನ್ನನ್ನು ಕೊಟ್ಟು ಕಳಿಸುತ್ತಾರೆ. ನಿನ್ನ ವಿರುದ್ಧ ಯಾರಿಗೆ ದೂರು ಕೊಡುವುದು?

ಸಸ್ಪೆನ್ಷನ್ ಕಮ್ಮಿ ಆಗಿಲ್ಲ, ಅಣ್ಣ. ಅದಕ್ಕೆ ಈಗ ಒಂದು ವ್ಯಾನ್ ಇದೆ, ಒಬ್ಬ ಡ್ರೈವರ್ ಇದ್ದಾನೆ. ಮನೆಯೋರು ಕರೆದುಕೊಂಡು ಹೋದರು ಅಂದರೆ ತಪ್ಪು ಶಾಲೆಯದಲ್ಲ, ನಮ್ಮದು. ಹೂಂ ಅಂದವನು ನೀನು.

ಅವಳನ್ನು ಕೇಳು. ನೀನು ಮಾತಾಡಬೇಡ, ಕೇಳು.

*

ಡಿಸೆಂಬರ್ 3
ಥರ್ಮನ್‌ನ ಧ್ವನಿ ಸಂದೇಶ

ಉತ್ತರ ಕೊಡಬಾರದು ಅಂತಲೇ ಇದ್ದೆ. ನಿನ್ನ ಕಾಗದ ಕೇಳಿ... ಅಂದ್ರೆ ನಿನ್ನ ಅತ್ತಿಗೆ ಓದಿ ಹೇಳಿದ್ಲು, ಅವಳೂ ಓದ್ತಾ ಓದ್ತಾ ನನ್ನ ಮುಖ ನೋಡೋದು ಬಿಟ್ಲು. ಒಂದು ವಾರ ನಿನ್ನ ಮೇಲೆ ಉರಿದೆ. ನೀರ ಮೇಲೆ ಕೂತ್ಕೊಂಡು ನೆಲದ ಮೇಲಿರೋರಿಗೆ ಪಾಠ ಹೇಳೋದು ಸುಲಭ ಅಂತ.

ಆಮೇಲೆ ಕೆಜಾಯಾನ ಕೇಳಿದೆ. ಅವಳು ಮೆಕ್ಕೆಜೋಳದ ರೊಟ್ಟಿ ಪುಡಿ ಮಾಡ್ಕೊಂಡು ಹಾಲಿಗೆ ಹಾಕ್ಕೊಂಡು ತಿಂತಾ ಇದ್ಲು. "ಕೆಜಾಯಾ, ನಾನು ನಿನ್ನ ಕರ್ಕೊಂಡು ಬರೋಕೆ ಬಂದಾಗ ನಿನಗೆ ಏನನ್ಸುತ್ತೆ?" ಅಂದೆ. ಚಮಚ ಕೆಳಗಿಟ್ಲು. ನಾನು ಮಧ್ಯೆ ಬಾಯಿ ಹಾಕ್ಲಿಲ್ಲ, ನಂಬು.

"ಮಾಮ, ನೀನು ಮೊಗಸಾಲೇಲಿ ಬರೋದು ಕಂಡ್ರೆ ಎಲ್ಲರೂ ಇವತ್ತು ಯಾರನ್ನ ತಗೊಂಡು ಹೋಗ್ತಾನೆ ಅಂತ ನೋಡ್ತಾರೆ. ಚಿಕ್ಕ ಮಕ್ಕಳು ಬೆಂಚು ಕೆಳಗೆ ಬಗ್ಗುತ್ವೆ."

"ಯಾಕೆ ನನಗೆ ಹೇಳ್ಲಿಲ್ಲ?"

"ನೀನು ಮಾತಾಡ್ತಾ ಇದ್ದೆ."

ಅಷ್ಟು ಹೇಳಿ ತಟ್ಟೆ ತೊಳೆಯೋಕೆ ಹೋದ್ಲು.

ಲಿಂಡ್‌ಕ್ವಿಸ್ಟ್ ಹತ್ರ ಹೋದೆ. ಆ ಗೈರುಹಾಜರಿನೆಲ್ಲ ತೆಗೀರಿ, ಕಳಿಸಿದ್ದು ನೀವು ಅಂದೆ. "ನಾನು ಸಲಹೆ ಕೊಟ್ಟೆ ಮಿಸ್ಟರ್ ಬೀಸ್ಲಿ. ಕರ್ಕೊಂಡು ಹೋಗಿದ್ದು ಕುಟುಂಬ." ಅದೇ ನಗು. "ಇಷ್ಟು ಒಳ್ಳೆ ಕೆಲಸವನ್ನ ನೀವೇ ಹಾಳು ಮಾಡ್ಕೋತೀರಾ?"

ನಿನ್ನೆ ಮಂಡಳಿ ಸಭೆ. ಫಲಕ ಬೇಡ ಅಂದೆ. ನಮ್ಮ ವ್ಯಾನಲ್ಲಿ ಹೋದ ಮಕ್ಕಳೆಲ್ಲ ಸಸ್ಪೆಂಡ್ ಆದೋರೇ, ನಿಮ್ಮ ಸಂಖ್ಯೆ ಬಿದ್ದಿಲ್ಲ, ನಾವು ಹೊತ್ಕೊಂಡು ಹೋಗಿ ಬಚ್ಚಿಟ್ಟಿದೀವಿ ಅಂದೆ. ಎರಡು ನಿಮಿಷ ಆಯ್ತು. ಗಂಟೆ ಹೊಡೀತು. ಹಿಂದೆ ತಿರುಗಿ ನೋಡಿದೆ ಕಣೇ. ಯಾರೂ ಏಳ್ಲಿಲ್ಲ. ಪರ್ವಿಸ್ ಟೋಪಿ ನೋಡ್ತಾ ಕೂತಿದ್ದ. ಮೈಕ್ ಆರಿಸಿದ್ರು.

ಹೊರಗೆ ಬಂದ ಮೇಲೆ ಪರ್ವಿಸ್ ನನ್ನ ಕಾಲರ್ ಹಿಡಿದ. "ಅಯ್ಯಾ, ನಮ್ಮ ಮುಖಕ್ಕೆ ನಾವೇ ಮಸಿ ಬಳ್ಕೊಳ್ಳೋದಾ? ನಾಳೆ ನಮ್ಮನ್ನ ಓಡಿಸ್ತಾರೆ. ಆಮೇಲೆ ಪೊಲೀಸ್ ಗಾಡಿ ವಾಪಸ್ ಬರುತ್ತೆ. ಅದೇ ಬೇಕಾ ನಿನಗೆ?"

ಅವನು ಹೇಳಿದ್ದು ಸುಳ್ಳಲ್ಲ ವರ್ಡೆಲ್. ಅದೇ ನನ್ನ ಎದೆ ತಿಂತಾ ಇರೋದು. ನಾವು ಬಾಗಿಲಲ್ಲಿ ನಿಲ್ದೇ ಹೋದ್ರೆ ಅವರು ನಿಲ್ತಾರೆ. ನಿಂತ್ರೆ, ಅವರ ಕೆಲಸ ನಾವು ಮಾಡ್ತೀವಿ. ನಿನಗೇನು, ಹೇಳೋದು ಹೇಳಿ ನೀರಿಗೆ ಹೋದೆ. ಸಂತೋಷ ಆಯ್ತಾ ಈಗ?

*

ಡಿಸೆಂಬರ್ 6
ವರ್ಡೆಲ್ ಬರೆದದ್ದು

ಥರ್ಮನ್,

ಸಂತೋಷವಿಲ್ಲ. ಅಣ್ಣನನ್ನು ಕಂಡು ಚಿಕ್ಕ ಮಕ್ಕಳು ಬೆಂಚಿನ ಕೆಳಗೆ ಬಗ್ಗುತ್ತವೆ ಎಂದು ಕೇಳಿ ಯಾವ ತಂಗಿಗೆ ಸಂತೋಷ?

ಕ್ಯಾಪ್ಟನ್ ಬಳಿ ರಜೆ ಕೇಳಿದೆ. ಬದಲಿ ಅಡುಗೆಯವರು ಸಿಗುವವರೆಗೆ ಇಲ್ಲ ಎಂದ. ಇಳಿದು ಹೋದರೆ ಮುಂದಿನ ವರ್ಷ ಈ ಕೆಲಸ ಇಲ್ಲ. ಕೆಲಸ ಇಲ್ಲದ ತಾಯಿಯನ್ನೂ ನ್ಯಾಯಾಧೀಶರು ಇಷ್ಟಪಡುವುದಿಲ್ಲ. ಆದ್ದರಿಂದ ಅವಳ ಹತ್ತಿರ ಇರುವವನು ನೀನೊಬ್ಬನೇ. ನನಗೆ ಇದು ಇಷ್ಟವಿಲ್ಲ, ತಿಳಿದಿರಲಿ.

ನೀನು ಸಭೆಯಲ್ಲಿ ಸರಿಯಾದದ್ದನ್ನೇ ಹೇಳಿದೆ. ನನಗೆ ಅದರಿಂದ ಏನೂ ಆಗಬೇಕಾಗಿಲ್ಲ. 12ಕ್ಕೆ ಅವಳು ಆ ಪರೀಕ್ಷೆಗೆ ಕೂರಬೇಕು. ಅವರು ಅವಳನ್ನು ಹೊರಗೆ ಕಳಿಸುವ ಕಾರಣ ಹುಡುಕುತ್ತಾರೆ, ಸಭೆಯಲ್ಲಿ ನೀನು ಮಾತಾಡಿದ್ದಕ್ಕೇ ಹುಡುಕುತ್ತಾರೆ. ಆ ದಿನ ನೀನು ಹೂಂ ಅಂದರೆ ಮತ್ತೆಂದೂ ನನಗೆ ಫೋನ್ ಮಾಡಬೇಡ.

ವರ್ಡೆಲ್

*

ಡಿಸೆಂಬರ್ 12
ಥರ್ಮನ್‌ನ ಧ್ವನಿ ಸಂದೇಶ

ಮೆಲ್ಲಗೆ ಮಾತಾಡ್ತಿದೀನಿ, ಕಿವಿ ಹತ್ರ ಇಟ್ಕೋ. ಶಾಲೆ ಮೊಗಸಾಲೇಲಿ ಇದೀನಿ, ಆಲ್ಜೀಬ್ರಾ ಕೋಣೆ ಹೊರಗೆ. ಮಕ್ಕಳ ಕುರ್ಚಿ, ಮಂಡಿ ಗಲ್ಲಕ್ಕೆ ತಾಗ್ತಿದೆ.

ನೀನು ಹೇಳಿದ ಹಾಗೇ ಆಯ್ತು. ಬೆಳಿಗ್ಗೆ ಚಳಿ ಅಂತ ಕೆಜಾಯಾ ಸ್ವೆಟರಿನ ಟೋಪಿ ತಲೆ ಮೇಲೆ ಎಳ್ಕೊಂಡು ಬಂದ್ಲು. ಹಿಂದೇನೇ ಮೂರು ಬಿಳಿ ಹುಡುಗ್ರು, ಅವರಿಗೂ ಟೋಪಿ. ಇವಳನ್ನ ಮಾತ್ರ ನಿಲ್ಸಿ ತೆಗಿ ಅಂದ್ರು. ಇವಳು ತೆಗೆದ್ಲು. ತೆಗೆದ ರೀತಿ ಸರಿ ಇಲ್ಲ ಅಂತ ಆಫೀಸಿಗೆ ಕಳಿಸಿದ್ರು. ಪರೀಕ್ಷೆ ಶುರುವಾಗೋಕೆ ಸ್ವಲ್ಪವೇ ಹೊತ್ತು ಬಾಕಿ. ಲಿಂಡ್‌ಕ್ವಿಸ್ಟ್ ನನ್ನ ಕರೆದು "ಮಿಸ್ಟರ್ ಬೀಸ್ಲಿ, ಇವತ್ತು ಅವಳ ದಿನ ಸರಿ ಇಲ್ಲ. ಮನೆಗೆ ಕರ್ಕೊಂಡು ಹೋಗಿ, ತಣ್ಣಗಾಗಲಿ" ಅಂದ್ಲು.

ಇಲ್ಲ ಅಂದೆ.

"ಅರ್ಥ ಆಗ್ಲಿಲ್ಲ."

"ಕರ್ಕೊಂಡು ಹೋಗಲ್ಲ. ಕಳಿಸಬೇಕು ಅಂದ್ರೆ ಸಸ್ಪೆಂಡ್ ಮಾಡಿ. ಕಾಗದ ಬರೀರಿ, ಕಾರಣ ಬರೀರಿ, ಕೆಳಗೆ ನಿಮ್ಮ ಸಹಿ ಹಾಕಿ."

"ಇನ್ನೊಂದು ಸಸ್ಪೆನ್ಷನ್ ಆದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತು ತಾನೇ? ವಿಚಾರಣೆ. ಬೇರೆ ಶಾಲೆ. ನಿಮ್ಮ ತಂಗಿ ಮಗಳ ಬದುಕಿನ ಜೊತೆ ಆಟ ಆಡ್ತಿದೀರಿ."

ಗೊತ್ತಿತ್ತು ವರ್ಡೆಲ್. ಕೆಜಾಯಾ ಬೆಂಚ್ ಮೇಲೆ ಕೂತು ನನ್ನನ್ನೇ ನೋಡ್ತಿದ್ಲು. ಬರೆದುಬಿಟ್ಟಿದ್ರೆ ನಾನೇ ನನ್ನ ಕೈಯಾರೆ ಅವಳನ್ನ ರೈಲು ಹಳಿ ಆಚೆ ಕಳಿಸಿದ ಹಾಗೆ. ಆದ್ರೆ ಆ ಹೆಂಗಸು ಪೆನ್ನು ತಗೊಂಡು, ಕಾಗದ ನೋಡಿ, ಮತ್ತೆ ನನ್ನ ನೋಡಿದ್ಲು. ನಾಳಿದ್ದು ಬೇರೆ ಊರಿನೋರು ಬರ್ತಾರಲ್ಲ, ನಮ್ಮ ಶಾಲೆಯ ಪವಾಡ ನೋಡೋಕೆ. ಆ ಪವಾಡದಲ್ಲಿ ಒಂದು ಸಸ್ಪೆನ್ಷನ್ ಕೂಡ ಇರಬಾರದು. ಅವಳಿಗೆ ನಮ್ಮ ಕೆಜಾಯಾ ಬೇಡ, ಆ ಸಂಖ್ಯೆ ಬೇಕು.

"ಬರೀರಿ ಮೇಡಂ. ನಾನು ಕಾಯ್ತೀನಿ."

ಪೆನ್ನು ಕೆಳಗಿಟ್ಲು. ಮುಖದಲ್ಲಿ ನಗು ಇರ್ಲಿಲ್ಲ, ಇಷ್ಟು ದಿನದಲ್ಲಿ ಮೊದಲನೇ ಸಲ. "ಹೋಗು, ಪರೀಕ್ಷೆ ಬರಿ" ಅಂದ್ಲು ಕೆಜಾಯಾಗೆ. ಆಮೇಲೆ ನನ್ನ ಕಡೆ ಕೈ ಚಾಚಿದ್ಲು: "ನಿಮ್ಮ ಬಿಲ್ಲೆ." ಅಂಗಿ ಮೇಲಿದ್ದ ಬಾಗಿಲ ಮಾಮಂದಿರ ಬಿಲ್ಲೆ ಬಿಚ್ಚಿ ಕೊಟ್ಟೆ. ಇನ್ಮೇಲೆ ನಾನು ಶಾಲೆ ಒಳಗೆ ಬರೋ ಹಾಗಿಲ್ವಂತೆ. ನಾಳೆ ಅವಳನ್ನ ಮತ್ತೆ ನಿಲ್ಲಿಸಿದ್ರೆ ಆಫೀಸಿಗೆ ಬರೋ ಮಾಮ ಬೇರೆ ಯಾರೋ, ಅವನು ಹೂಂ ಅಂತಾನೋ ಇಲ್ವೋ. ಹೂಂ ಅನ್ನಬೇಡಿ ಅಂತ ಪರ್ವಿಸ್ ಕಾಲು ಹಿಡಿದಾದ್ರೂ ಹೇಳಬೇಕು, ನಿನ್ನೆ ಹೇಳೋಕೆ ಹೋದ್ರೆ ಫೋನ್ ಇಟ್ಟ. ಗೈರುಹಾಜರಿ ಹಾಗೇ ಇದೆ. ನ್ಯಾಯಾಧೀಶರ ಮುಂದೆ ನೀನು ನಿಲ್ಲೋದಾದ್ರೆ ನಾನೂ ಪಕ್ಕದಲ್ಲಿ ನಿಲ್ತೀನಿ, ಹೂಂ ಅಂದೋನು ನಾನು ಅಂತ ಹೇಳ್ತೀನಿ.

ತಾಳು. ಗಾರ್ಡ್ ಬರ್ತಿದಾನೆ, ನನ್ನ ಹೊರಗೆ ಹಾಕೋಕೆ.

ಬಾಗಿಲ ಗಾಜಿನಲ್ಲಿ ಕೆಜಾಯಾ ಕಾಣ್ತಿದಾಳೆ. ಬರೀತಿದಾಳೆ.